ಬಳ್ಳಾರಿ ಜಾಲಿ ಬಳ್ಳಾರಿಯದ್ದಲ್ಲ

ಪ್ರಶ್ನೆ: ಮಾನ್ಯರೆ, ನಮ್ಮ ಬಡಾವಣೆಯ ಉದ್ಯಾನಕ್ಕೆಂದು ಬಿಟ್ಟ ಅರ್ಧ ಎಕರೆ ಮಸಾರಿ ನೆಲದಲ್ಲಿ ಬಳ್ಳಾರಿ ಜಾಲಿ ದಟ್ಟವಾಗಿ ಬೆಳೆದಿದೆ. ಜೆಸಿಬಿ ತರಿಸಿ ಒಂದೇ ದಿನದಲ್ಲಿ ತೆಗೆಸಿ, ಗುಲ್‌ಮೊಹರ್ ಮತ್ತು ಕೋನೋಕಾರ್ಪಸ್ ಎಂಬ ವಿದೇಶಿ ಅಲಂಕಾರಿಕ ಗಿಡ ನೆಡಬೇಕೆಂದು ಸಂಘದವರು ಹೇಳುತ್ತಾರೆ. ಸ್ಥಳೀಯ ಗಿಡಗಳೇ ಇರಲೆಂದರೆ, ‘ಜಾಲಿಗೂ ನಮ್ಮೂರ ಹೆಸರೇ ಇದೆಯಲ್ಲ’ ಎಂದು ನಗುತ್ತಾರೆ.
— ಓದುಗರೊಬ್ಬರು, ಬಳ್ಳಾರಿ

ಉತ್ತರ: ಹೆಸರು ನಿಮ್ಮೂರಿನದಾದರೂ ಗಿಡ ಅಮೆರಿಕ ಖಂಡದ್ದು. 19ನೆಯ ಶತಮಾನದಲ್ಲಿ ಉರುವಲಿಗೆಂದು ನಮ್ಮ ದೇಶಕ್ಕೆ ತಂದ ಈ ಜಾಲಿಯ ಸಿಹಿ ಕಾಯಿಗಳನ್ನು ಆಡು, ದನಗಳು ತಿಂದು ಬೀಜವನ್ನು ಸಗಣಿ, ಹಿಕ್ಕೆಗಳ ಮೂಲಕ ಊರೂರಿಗೆ ಹರಡಿದವು. ಇದರ ಹತ್ತಿರದ ನೆಂಟನೆನ್ನಬಹುದಾದ ಅಪ್ಪಟ ದೇಶಿ ಮರ ಯಾವುದು ಗೊತ್ತೇ? ವಿಜಯದಶಮಿಯ ದಿನ ನಾವು ಎಲೆಯನ್ನು ಬಂಗಾರವೆಂದು ಹಂಚಿಕೊಳ್ಳುವ ಬನ್ನಿ. ಬನ್ನಿಯ ಸುತ್ತ ಜೋಳ, ಸಜ್ಜೆ ಚೆನ್ನಾಗಿಯೇ ಬೆಳೆಯುತ್ತವೆ. ಬಳ್ಳಾರಿ ಜಾಲಿಯ ಅಡಿಯಲ್ಲಿ ಹುಲ್ಲು ಏಳುವುದೂ ಕಷ್ಟ. ಸಂಘದವರಿಗೆ ಈ ಎರಡು ಮರಗಳ ಬುಡವನ್ನು ತೋರಿಸಿದರೆ ಸಾಕು.

ಜಾಲಿಯನ್ನು ತೆಗೆಯಬೇಕೆಂಬುದರಲ್ಲಿ ನನ್ನ ತಕರಾರಿಲ್ಲ, ತಕರಾರಿರುವುದು ‘ಒಂದೇ ದಿನದಲ್ಲಿ’ ಎಂಬ ಮಾತಿಗೆ. ಇಡೀ ನೆಲವನ್ನು ಬೋಳಿಸಿದರೆ ಮೊದಲ ಜೋರು ಮಳೆಗೇ ಮಸಾರಿಯ ಮೇಲ್ಮಣ್ಣು ಕೊಚ್ಚಿಹೋಗುತ್ತದೆ. ಪೊದೆಯಲ್ಲಿ ಗೂಡು ಕಟ್ಟಿದ ಹಕ್ಕಿಗಳಿಗೂ ನೆಲೆ ತಪ್ಪುತ್ತದೆ. ಉದ್ಯಾನ ಪಾಲಿಕೆಯ ಸ್ವತ್ತಾಗಿದ್ದರೆ ಮೊದಲು ಲಿಖಿತ ಅನುಮತಿ ಪಡೆದು, ವರ್ಷಕ್ಕೆ ಮೂರನೆಯ ಒಂದು ಭಾಗದಂತೆ ತೆಗೆಸುತ್ತ, ತೆಗೆದ ಕಡೆ ಅದೇ ಮಳೆಗಾಲದಲ್ಲಿ ನೆಡುತ್ತ ಹೋಗಿ. ನೆಲಮಟ್ಟಕ್ಕೆ ಕಡಿದರೆ ಒಂದು ಕಾಂಡವಿದ್ದಲ್ಲಿ ಹತ್ತು ಚಿಗುರುತ್ತವೆ. ಆದ್ದರಿಂದ ಸುತ್ತಲ ಮಣ್ಣನ್ನು ಸುಮಾರು ಒಂದು ಅಡಿ ಬಗೆದು, ಮೊಳಕೆ ಒಡೆಯುವ ಬುಡದ ಗಡ್ಡೆಯ ಕೆಳಗೆ ಬೇರನ್ನು ಕತ್ತರಿಸಬೇಕು. ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರುವುದರಿಂದ ಪ್ರತಿ ಮಳೆಯ ನಂತರ ಏಳುವ ಸಸಿಗಳನ್ನು, ಮಣ್ಣು ಹಸಿಯಿರುವಾಗಲೇ, ಕೈಯಿಂದ ಕೀಳಬೇಕು.

ನೆಡುವುದೇನೆಂಬುದನ್ನು ನರ್ಸರಿಯಲ್ಲಿ ನಿರ್ಧರಿಸಬೇಡಿ. ಊರ ಸುತ್ತಲ ಗುಡ್ಡಗಳಲ್ಲಿ ಯಾರೂ ನೀರು ಹಾಕದೆ ಬದುಕಿರುವುದನ್ನು ಒಂದು ಬೆಳಗ್ಗೆ ನೋಡಿ ಬನ್ನಿ. ನೆರಳಿಗೆ ಬೇವು, ಕಮರ. ಅವುಗಳ ನಡುವೆ ಬಂದರಿಕೆ, ಹಳದಿ ಹೂವಿನ ತಂಗಡಿ. ಬೇಲಿಗೆ ಕವಳಿ ಮತ್ತು ಬಾರಿ. ಮರಗಳಷ್ಟನ್ನೇ ಸಾಲಾಗಿ ನೆಟ್ಟರೆ ನೆರಳು ಸಿಕ್ಕೀತು, ಆದರೆ ಬುಲ್‌ಬುಲ್, ಹರಟೆಮಲ್ಲಗಳಿಗೆ ಅಡಗಲು, ಗೂಡಿಡಲು ಮುಳ್ಳಿನ ಪೊದೆಯೇ ಬೇಕು. ನಮ್ಮ ಉದ್ಯಾನಗಳಲ್ಲಿ ಮೊದಲು ಕತ್ತರಿ ಬೀಳುವುದೂ ಆ ಪೊದೆಗೇ ಎಂಬುದು ಬೇಸರದ ಸಂಗತಿ. ಕಮರ ಮೊದಮೊದಲು ಬೇರನ್ನು ಆಳಕ್ಕಿಳಿಸುತ್ತ ಮೇಲೆ ನಿಧಾನವಾಗಿ ಬೆಳೆಯುವುದರಿಂದ ಎರಡು ವರ್ಷ ತಾಳ್ಮೆಯಿರಲಿ. ಚೀಲದಲ್ಲಿ ಬೇರು ಸುರುಳಿ ಸುತ್ತಿದ ದೊಡ್ಡ ಸಸಿಗಿಂತ ಒಂದೂವರೆ ಅಡಿಯ ಎಳೆಯ ಸಸಿಯೇ ಲೇಸು. ಗುಲ್‌ಮೊಹರ್ ಮಡಗಾಸ್ಕರಿನದು. ಕೋನೋಕಾರ್ಪಸ್ ನೆಡುವುದನ್ನು ಗುಜರಾತ್ ಸರ್ಕಾರ 2023ರಲ್ಲೇ ನಿಷೇಧಿಸಿದೆ.

ಪ್ರಶ್ನೆ: ಮನೆಯ ಮುಂದೆ 20×15 ಅಡಿಯ ಲಾನ್ ಹಾಕಿಸಿದೆವು. ನಮ್ಮದು ಎರೆ ಮಣ್ಣು. ಬೇಸಿಗೆಯಲ್ಲಿ ಎಷ್ಟು ನೀರು ಬಿಟ್ಟರೂ ಒಣಗುತ್ತದೆ.
— ಗೃಹಿಣಿ, ರಾಯಚೂರು

ಉತ್ತರ: ನಿಮ್ಮ ಲಾನು ಸುಮಾರು 28 ಚದರ ಮೀಟರ್. ಚದರ ಮೀಟರಿಗೆ ದಿನಕ್ಕೆ 5 ಲೀಟರ್ ಎಂದು ಹಿಡಿದರೂ 140 ಲೀಟರ್ ಆಯಿತು, ರಾಯಚೂರಿನ ಮೇ ತಿಂಗಳಿಗೆ ಅದೂ ಸಾಲದು. ಲಾನನ್ನು ಕೈಬಿಡಿ ಎನ್ನುವುದೇ ನನ್ನ ಸಲಹೆ. ಓಡಾಡುವ ಕಡೆ ಗರಸು ಹಾಸಿ, ಉಳಿದಲ್ಲಿ ಗರಿಕೆ ಮತ್ತು ತುಂಬೆ ಬೆಳೆಯಲು ಬಿಡಿ. ಗರಿಕೆ ಬೇಸಿಗೆಯಲ್ಲಿ ಕಂದಿದರೂ ಮಳೆ ಬಿದ್ದೊಡನೆ ಹಸಿರಾಗುತ್ತದೆ, ತುಂಬೆ ಹೂವಿಗೆ ಜೇನುನೊಣಗಳು ಬರುತ್ತವೆ. ಜಾಗ ಸಾಲುವುದಾದರೆ ಒಂದು ಹೊಂಗೆ ನೆಡಿ. ಎರೆ ಮಣ್ಣಿನ ಗುಂಡಿಯಲ್ಲಿ ಮಳೆನೀರು ನಿಂತು ಎಳೆಯ ಬೇರು ಕೊಳೆಯುವುದರಿಂದ ಸಸಿಯ ಬುಡ ಅಂಗಳಕ್ಕಿಂತ ತುಸು ಎತ್ತರದಲ್ಲಿರಲಿ. ಬೇಸಿಗೆಯಲ್ಲಿ ನೆಲ ಬಿರಿದು ಬೇರು ಹರಿಯದಂತೆ ಒಣ ಎಲೆಯನ್ನು ನಾಲ್ಕು ಬೆರಳು ದಪ್ಪಕ್ಕೆ ಹೊದಿಸಿ, ಆದರೆ ಕಾಂಡಕ್ಕೆ ತಾಗಿಸಬೇಡಿ.

ಪ್ರಶ್ನೆ: ಕಾಂಪೌಂಡಿನ ಮೂಲೆಯಲ್ಲಿ ತಾನಾಗಿ ಎದ್ದ ಎಕ್ಕೆಯ ಗಿಡದ ಎಲೆಗಳನ್ನು ಪಟ್ಟೆಪಟ್ಟೆಯ ಹುಳುಗಳು ತಿನ್ನುತ್ತಿವೆ. ಔಷಧಿ ಹೊಡೆಯಲೇ, ಗಿಡವನ್ನೇ ಕೀಳಲೇ?
— ವಿದ್ಯಾರ್ಥಿ, ಕೊಪ್ಪಳ

ಉತ್ತರ: ಎರಡೂ ಬೇಡ. ಅವು ಬಹುಶಃ ಪ್ಲೇನ್ ಟೈಗರ್ ಎಂಬ ಕಿತ್ತಳೆ ಬಣ್ಣದ ಚಿಟ್ಟೆಯ ಮರಿಗಳು. ಎಕ್ಕೆಯ ವಿಷವನ್ನು ಮೈಗೂಡಿಸಿಕೊಳ್ಳುವುದರಿಂದಲೇ ಹಕ್ಕಿಗಳು ಅವನ್ನು ಮುಟ್ಟಲು ಹಿಂಜರಿಯುತ್ತವೆ. ಬೋಳಾದ ಗಿಡ ಮತ್ತೆ ಚಿಗುರುತ್ತದೆ, ಶನಿವಾರ ಆಂಜನೇಯನ ಸರಕ್ಕೂ ಎಲೆ ಮಿಕ್ಕೀತು. ಎಲೆ ಕೀಳುವಾಗ ಹಾಲು ಕಣ್ಣಿಗೆ ತಾಗದಂತೆ ನೋಡಿಕೊಳ್ಳಿ, ಕೈಯನ್ನು ಕೂಡಲೇ ತೊಳೆಯಿರಿ.