ಪುಟ್ಟ ಕೈತೋಟ: ಗಿಡ ತರುವ ಮೊದಲು

ಪ್ರಶ್ನೆ: ನಮ್ಮ ಮನೆಯ ಮುಂದೆ 20 ಅಡಿ ಉದ್ದ, 15 ಅಡಿ ಅಗಲದ ಖಾಲಿ ಜಾಗವಿದೆ. ಒಂದು ಬದಿಗೆ ಆರು ಅಡಿ ಎತ್ತರದ ಕಾಂಪೌಂಡ್ ಗೋಡೆ ಇದೆ. ಹೂಗಿಡ, ತರಕಾರಿ, ಒಂದು ಹಣ್ಣಿನ ಮರ, ಸ್ವಲ್ಪ ಹುಲ್ಲುಹಾಸು, ಕುಳಿತುಕೊಳ್ಳಲು ಒಂದು ಬೆಂಚು, ಇವೆಲ್ಲವೂ ಬೇಕೆಂಬ ಆಸೆ ನಮ್ಮದು. ಕಾಗದದ ಮೇಲೆ ಎಷ್ಟು ಬಾರಿ ನಕ್ಷೆ ಬರೆದರೂ ಜಾಗ ಸಾಲುತ್ತಿಲ್ಲ. ಎಲ್ಲಿಂದ ಆರಂಭಿಸಬೇಕು?

ಉತ್ತರ: ಗಿಡಗಳ ಪಟ್ಟಿಯನ್ನು ಸದ್ಯಕ್ಕೆ ಬದಿಗಿಟ್ಟು, ಓಡಾಡುವ ದಾರಿಯಿಂದ ಆರಂಭಿಸಿ. ಗೇಟಿನಿಂದ ಬಾಗಿಲಿಗೆ, ನಲ್ಲಿಯಿಂದ ಗಿಡಗಳ ಬಳಿಗೆ, ಅಲ್ಲಿಂದ ಕಸ ಕೊಳೆಸುವ ಮೂಲೆಗೆ ನೀವು ದಿನವೂ ಹೇಗೆ ನಡೆಯುತ್ತೀರೋ ಆ ಜಾಡುಗಳನ್ನು ನೆಲದ ಮೇಲೆ ಸುಣ್ಣದ ಪುಡಿಯಿಂದ ಗುರುತು ಮಾಡಿ, ಒಂದು ವಾರ ಹಾಗೆಯೇ ಓಡಾಡಿ ನೋಡಿ. ಕಾಗದದ ಮೇಲೆ ಚೆಂದವಾಗಿ ಬಳಸಿಕೊಂಡು ಹೋಗುವ ದಾರಿಯನ್ನು ಕೈಯಲ್ಲಿ ನೀರಿನ ಕೊಡ ಹಿಡಿದವರು ತುಳಿಯುವುದಿಲ್ಲ. ಅವರು ನೇರವಾಗಿ ಅಡ್ಡ ಹಾಯುತ್ತಾರೆ, ಅಲ್ಲಿರುವ ಗಿಡಗಳು ಹಾಳಾಗುತ್ತವೆ. ಮುಖ್ಯ ದಾರಿಗೆ ಮೂರು ಅಡಿ, ಪಾತಿಗಳ ನಡುವಿನ ಕಾಲುದಾರಿಗೆ ಒಂದೂವರೆಯಿಂದ ಎರಡು ಅಡಿ ಬಿಟ್ಟರೆ ಸಾಕು.

ದಾರಿ ನಿಶ್ಚಯವಾದರೆ ಪಾತಿಗಳ ಅಳತೆ ತಾನಾಗಿ ಸಿಗುತ್ತದೆ. ಕುಕ್ಕರುಗಾಲಿನಲ್ಲಿ ಕುಳಿತು ಕೈ ಚಾಚಿದರೆ ಸುಮಾರು ಎರಡು ಅಡಿ ದೂರದ ಕಳೆಯನ್ನು ಆಯಾಸವಿಲ್ಲದೆ ಕೀಳಬಹುದು. ಆದ್ದರಿಂದ ಗೋಡೆಗೆ ತಾಗಿದ ಪಾತಿ ಎರಡು ಅಡಿಗಿಂತ, ಎರಡೂ ಬದಿಯಿಂದ ಕೈಗೆಟುಕುವ ಪಾತಿ ನಾಲ್ಕು ಅಡಿಗಿಂತ ಅಗಲವಾಗಿರಬಾರದು. ಇದಕ್ಕಿಂತ ಅಗಲ ಮಾಡಿದರೆ ಪಾತಿಯೊಳಗೆ ಕಾಲಿಡಲೇಬೇಕಾಗುತ್ತದೆ. ತುಳಿದ ಮಣ್ಣಿನಲ್ಲಿ ಕಣಗಳ ನಡುವಿನ ಗಾಳಿಯ ಜಾಗ ಮುಚ್ಚಿಹೋಗಿ, ನೀರು ಇಂಗದೆ, ಬೇರು ಇಳಿಯದೆ ಗಿಡ ಸೊರಗುತ್ತದೆ.

ಇನ್ನು ಬಿಸಿಲು. ಮೋಡವಿಲ್ಲದ ಒಂದು ದಿನ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನೆರಳು ಎಲ್ಲಿಯವರೆಗೆ ಬೀಳುತ್ತದೆ ಎಂಬುದನ್ನು ನಕ್ಷೆಯ ಮೇಲೆ ಬೇರೆ ಬೇರೆ ಬಣ್ಣದಲ್ಲಿ ಗೆರೆ ಎಳೆದು ಗುರುತಿಸಿ. ಸೂರ್ಯ ದಿಗಂತದಿಂದ 45 ಡಿಗ್ರಿ ಮೇಲಿರುವಾಗ ನಿಮ್ಮ ಗೋಡೆಯ ನೆರಳು ಅದರ ಎತ್ತರದಷ್ಟೇ, ಅಂದರೆ ಆರು ಅಡಿ ಉದ್ದವಿರುತ್ತದೆ. 30 ಡಿಗ್ರಿಗೆ ಇಳಿದಾಗ ಅದೇ ನೆರಳು ಹತ್ತು ಅಡಿ ದಾಟುತ್ತದೆ. ಹದಿನೈದು ಅಡಿ ಅಗಲದ ಜಾಗದಲ್ಲಿ ಹತ್ತು ಅಡಿ ನೆರಳೆಂದರೆ ಸಣ್ಣ ಮಾತಲ್ಲ. ಋತು ಬದಲಾದಂತೆ ಸೂರ್ಯನ ಹಾದಿಯೂ ಬದಲಾಗುವುದರಿಂದ ಕೆಲವು ತಿಂಗಳ ಬಳಿಕ ಮತ್ತೊಮ್ಮೆ ಗೆರೆ ಎಳೆದು ನೋಡುವುದು ಒಳ್ಳೆಯದು. ಟೊಮ್ಯಾಟೊ, ಮೆಣಸಿನಕಾಯಿ, ಬದನೆಯಂತಹ ಕಾಯಿ ಬಿಡುವ ಗಿಡಗಳಿಗೆ ದಿನಕ್ಕೆ ಆರರಿಂದ ಎಂಟು ಗಂಟೆ ನೇರ ಬಿಸಿಲು ಬೇಕು. ಸೊಪ್ಪುಗಳು ಮೂರು ನಾಲ್ಕು ಗಂಟೆಯಲ್ಲಿಯೂ ತಕ್ಕಮಟ್ಟಿಗೆ ಬೆಳೆಯುತ್ತವೆ. ಎಂತಹ ಗೊಬ್ಬರವೂ ಬಿಸಿಲಿನ ಕೊರತೆಯನ್ನು ತುಂಬಲಾರದು. ಹಾಗಾಗಿ ಹೆಚ್ಚು ಬಿಸಿಲು ಬೀಳುವ ಭಾಗವನ್ನು ತರಕಾರಿಗೆ ಕೊಟ್ಟು, ಬೆಂಚನ್ನು ನೆರಳಿಗೆ ಸರಿಸಿ.

ಹುಲ್ಲುಹಾಸನ್ನು ಕೈಬಿಡುವುದೇ ಒಳ್ಳೆಯದೆಂದು ನನ್ನ ಸ್ಪಷ್ಟ ಅಭಿಪ್ರಾಯ. ಅಷ್ಟು ಚಿಕ್ಕ ಹಾಸಿಗೂ ಬಿಸಿಲು, ನೀರು ಮತ್ತು ಪದೇ ಪದೇ ಕತ್ತರಿಸುವ ಕೆಲಸ ತಪ್ಪದು. ಅದು ಕಬಳಿಸುವ ಜಾಗದಲ್ಲಿ ಎರಡು ಒಳ್ಳೆಯ ಪಾತಿಗಳು ಹಿಡಿಯುತ್ತವೆ. ಮರದ ವಿಷಯದಲ್ಲಿ, ಸಸಿಯ ಗಾತ್ರವನ್ನಲ್ಲ, ಪೂರ್ಣ ಬೆಳೆದಾಗ ಅದರ ಕೊಂಬೆಗಳು ಹರಡುವ ಅಗಲವನ್ನು ನಕ್ಷೆಯಲ್ಲಿ ವೃತ್ತವಾಗಿ ಬರೆದು ನೋಡಿ. ಆ ವೃತ್ತ ಅರ್ಧ ತೋಟವನ್ನು ಮುಚ್ಚುವುದಾದರೆ, ಗಿಡ್ಡ ತಳಿಯೊಂದನ್ನು ದೊಡ್ಡ ಕುಂಡದಲ್ಲಿ ಬೆಳೆಸಿ, ಇಲ್ಲವೇ ಅದರ ಕೊಂಬೆಗಳನ್ನು ಗೋಡೆಗೆ ಸಮಾನಾಂತರವಾಗಿ ತಂತಿಗೆ ಕಟ್ಟಿ ಚಪ್ಪಟೆಯಾಗಿ ಬೆಳೆಸಿ.

ಪ್ರಶ್ನೆ: ನಮ್ಮ ಹಿತ್ತಲಿನ ಒಂದು ಮೂಲೆಯಲ್ಲಿ ಮಳೆ ಬಂದರೆ ಎರಡು ದಿನ ನೀರು ನಿಲ್ಲುತ್ತದೆ. ನೆಟ್ಟ ಗಿಡಗಳೆಲ್ಲ ಬೇರು ಕೊಳೆತು ಸಾಯುತ್ತಿವೆ. ಮರಳು ಬೆರೆಸಿದರೆ ಸರಿಹೋಗುವುದೇ?

ಉತ್ತರ: ಸರಿಹೋಗುವುದಿಲ್ಲ. ಜೇಡಿಮಣ್ಣಿಗೆ ಸ್ವಲ್ಪ ಮರಳು ಬೆರೆಸಿದರೆ ಮಣ್ಣು ಸಡಿಲವಾಗುವ ಬದಲು ಇನ್ನಷ್ಟು ಗಟ್ಟಿಯಾಗುವುದುಂಟು. ಮೊದಲು ಪರೀಕ್ಷೆ ಮಾಡಿ: ಒಂದು ಅಡಿ ಅಗಲ, ಒಂದು ಅಡಿ ಆಳದ ಗುಂಡಿ ತೋಡಿ, ನೀರು ತುಂಬಿ ಒಂದು ರಾತ್ರಿ ಇಂಗಲು ಬಿಡಿ. ಮರುದಿನ ಮತ್ತೆ ತುಂಬಿ, ಒಂದು ಸ್ಕೇಲ್ ನಿಲ್ಲಿಸಿ ಗಂಟೆಗೊಮ್ಮೆ ನೀರಿನ ಮಟ್ಟ ಬರೆದುಕೊಳ್ಳಿ. ಗಂಟೆಗೆ ಒಂದರಿಂದ ಎರಡು ಅಂಗುಲ ಇಳಿದರೆ ಮಣ್ಣು ಚೆನ್ನಾಗಿದೆ, ತಗ್ಗನ್ನು ಸರಿಪಡಿಸಿದರೆ ಸಾಕು. ಅರ್ಧ ಅಂಗುಲಕ್ಕಿಂತ ಕಡಿಮೆಯಾದರೆ ದೋಷ ಮಣ್ಣಿನೊಳಗೇ ಇದೆ. ಮನೆ ಕಟ್ಟುವಾಗ ವಾಹನಗಳು ಓಡಾಡಿ ಅದುಮಿದ ನೆಲ, ಅಡಿಯಲ್ಲಿ ಹೂತುಹೋದ ಇಟ್ಟಿಗೆ ಚೂರು, ಒಣಗಿದ ಗಾರೆ, ಇವೂ ಕಾರಣವಾಗಿರುವುದುಂಟು. ತೋಡುವಾಗಲೇ ಅದು ಗೊತ್ತಾಗುತ್ತದೆ.

ಎರಡು ಮೂರು ಅಂಗುಲ ದಪ್ಪ ಕಾಂಪೋಸ್ಟ್ ಹರಡಿ ಮೇಲಿನ ಆರೆಂಟು ಅಂಗುಲ ಮಣ್ಣಿನಲ್ಲಿ ಬೆರೆಸಿ, ಇದನ್ನು ವರ್ಷ ವರ್ಷವೂ ಮುಂದುವರಿಸಿದರೆ ಜೇಡಿಮಣ್ಣು ನಿಧಾನವಾಗಿ ಹುಡಿಯಾಗುತ್ತದೆ. ಆದರೆ ಒದ್ದೆ ಇರುವಾಗ ಮಾತ್ರ ಅಗೆಯಬೇಡಿ, ಹೆಂಟೆಗಳು ಕಲ್ಲಿನಂತಾಗುತ್ತವೆ. ಅಷ್ಟು ಕಾಯಲು ಮನಸ್ಸಿಲ್ಲದಿದ್ದರೆ ಒಂದು ಅಡಿ ಎತ್ತರದ ಕಟ್ಟೆ ಕಟ್ಟಿ, ಹೊಸ ಮಣ್ಣು ತುಂಬಿ ಅದರಲ್ಲಿ ನೆಡಿ. ಮನೆಯ ಗೋಡೆಗೆ ಮಣ್ಣು ಏರಿಸಬೇಡಿ, ತೇವ ಒಳಗೆ ಹತ್ತುತ್ತದೆ; ನೆಲದ ಇಳಿಜಾರು ಯಾವಾಗಲೂ ಮನೆಯಿಂದ ಹೊರಕ್ಕೇ ಇರಲಿ.

ಪ್ರಶ್ನೆ: ಅಂತರ ಬಿಟ್ಟು ನೆಟ್ಟರೆ ತೋಟ ಬೋಳಾಗಿ ಕಾಣುತ್ತದೆ. ಒತ್ತಾಗಿ ನೆಟ್ಟು ಆಮೇಲೆ ಕೆಲವನ್ನು ಕಿತ್ತರಾಗದೇ?

ಉತ್ತರ: ಕೀಳುವ ಹೊತ್ತಿಗೆ ಬೇರುಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ, ಗಾಳಿಯಾಡದ ಎಲೆಗಳಿಗೆ ಶಿಲೀಂಧ್ರ ರೋಗ ತಗುಲಿರುತ್ತದೆ. ಬಹುಕಾಲ ನಿಲ್ಲುವ ಗಿಡಗಳನ್ನು ಅವುಗಳ ಪೂರ್ಣ ಅಗಲಕ್ಕೆ ತಕ್ಕ ಅಂತರದಲ್ಲಿಯೇ ನೆಟ್ಟು, ನಡುವಿನ ಜಾಗದಲ್ಲಿ ಒಂದೇ ಹಂಗಾಮಿನಲ್ಲಿ ಹೂಬಿಟ್ಟು ಮುಗಿಯುವ ಚೆಂಡು ಹೂವಿನಂತಹ ಗಿಡಗಳನ್ನು ಹಾಕಿ. ಉಳಿದ ಬರಿ ಮಣ್ಣನ್ನು ಎರಡು ಅಂಗುಲ ದಪ್ಪ ಒಣ ಎಲೆಯಿಂದ ಮುಚ್ಚಿ. ಕಾಂಡದ ಸುತ್ತ ನಾಲ್ಕು ಬೆರಳಷ್ಟು ಜಾಗ ಮಾತ್ರ ತೆರವಾಗಿರಲಿ, ಇಲ್ಲದಿದ್ದರೆ ತೇವ ನಿಂತು ತೊಗಟೆ ಕೊಳೆಯುತ್ತದೆ.