ಅರವತ್ತು ದಾಟಿದ್ಮೇಲೆ ಸೈಕಲ್, ಝೋನ್ ಟು ಎಷ್ಟು?

ಪ್ರಶ್ನೆ: ನನಗೀಗ 63, ರಿಟೈರ್ ಆದ್ಮೇಲೆ ಸೈಕಲ್ ಶುರು ಮಾಡ್ದೆ. ಚಾಮುಂಡಿ ಬೆಟ್ಟ ಹತ್ತುವಾಗ ವಾಚಲ್ಲಿ ಹಾರ್ಟ್ ರೇಟ್ 150 ದಾಟುತ್ತೆ. 220ರಲ್ಲಿ ವಯಸ್ಸು ಕಳೆದ್ರೆ ನನ್ನ ಮ್ಯಾಕ್ಸಿಮಮ್ಮೇ 157, ಮನೇಲಿ ಎಲ್ರೂ ಹೆದರ್ಕೊಂಡಿದಾರೆ. ಸುಮ್ನೆ ಕೂತಾಗ 64 ಇರುತ್ತೆ. ಬಿಪಿ ಮಾತ್ರೆ ತಗೋತೀನಿ. ನನ್ನ ಝೋನ್ ಟು, ಅಂದ್ರೆ ಆರಾಮಾಗಿ ತುಂಬಾ ಹೊತ್ತು ತುಳಿಯೋಕೆ ಆಗೋ ಹಾರ್ಟ್ ರೇಟ್, ಎಷ್ಟು ಸರ್?
— ಓದುಗರು, ಮೈಸೂರು

ಉತ್ತರ: ಮೊದ್ಲು ಮಾತ್ರೆ ಯಾವ್ದು ನೋಡಿ ಸರ್. ಅಟೆನೊಲಾಲ್, ಮೆಟೊಪ್ರೊಲಾಲ್ ಥರದ ಬೀಟಾ ಬ್ಲಾಕರ್ ಆದ್ರೆ ಅದು ಹಾರ್ಟ್ ರೇಟನ್ನೇ ಏರೋಕೆ ಬಿಡಲ್ಲ, ಆಗ ಈ ಫಾರ್ಮುಲಾ ಯಾವ್ದೂ ನಿಮಗೆ ಲೆಕ್ಕಕ್ಕಿಲ್ಲ. ಹಾಗಂತ ಮಾತ್ರೆ ಮಾತ್ರ ನೀವಾಗೇ ನಿಲ್ಲಿಸ್ಬೇಡಿ.

ಇನ್ನು 157. ಅದು ಸರಾಸರಿ ಅಷ್ಟೇ, ಒಬ್ಬೊಬ್ರಿಗೆ ಹತ್ತು ಹನ್ನೆರಡು ಬಡಿತ ಆಚೆ ಈಚೆ ಇರೋದು ಮಾಮೂಲಿ. 2001ರಲ್ಲಿ ಬಂದ ಇನ್ನೊಂದು ಫಾರ್ಮುಲಾ ಇದೆ, ವಯಸ್ಸನ್ನ 0.7ರಿಂದ ಗುಣಿಸಿ 208ರಲ್ಲಿ ಕಳೀಬೇಕು, ನಿಮಗೆ 164 ಬರುತ್ತೆ. ಅದರ 60ರಿಂದ 70 ಪರ್ಸೆಂಟ್ ಅಂದ್ರೆ 98ರಿಂದ 115. ಅದೇ 164ರಲ್ಲಿ ನಿಮ್ಮ 64 ಕಳೆದು, ಉಳಿದ 100ಕ್ಕೆ 60–70 ಪರ್ಸೆಂಟ್ ಹಾಕಿ, ವಾಪಸ್ 64 ಕೂಡಿಸಿದ್ರೆ 124ರಿಂದ 134! ಹೆಸರು ಒಂದೇ ಝೋನ್ ಟು, ನಂಬರ್ ಎಷ್ಟು ದೂರ ನೋಡಿ. ಅದಕ್ಕೇ ನಾನು ಎಲ್ರಿಗೂ ಹೇಳೋದು, ಮಾತಾಡಿ ನೋಡಿ ಅಂತ. ಲಲಿತಾದ್ರಿಪುರದ ಕಡೆ ಸಮ ರಸ್ತೇಲಿ ಪಕ್ಕದವರ ಜೊತೆ ಪೂರ್ತಿ ವಾಕ್ಯ ಏದುಸಿರಿಲ್ದೆ ಆಡೋಕಾದ್ರೆ ಅದೇ ನಿಮ್ಮ ಝೋನ್ ಟು, ಆಗ ವಾಚಲ್ಲಿ ಎಷ್ಟಿದೆ ಅಂತ ಕೆಲವು ದಿನ ಬರೆದಿಟ್ಕೊಳ್ಳಿ, ಬಿಸಿಲೇರಿದ್ಮೇಲೆ ಅದೇ ಸ್ಪೀಡಿಗೂ ನಂಬರ್ ಜಾಸ್ತಿ ತೋರ್ಸುತ್ತೆ ಅದಕ್ಕೆ ಬೆಳಗ್ಗೆದೇ ನೋಡಿ.

ಆಮೇಲೆ ಹ್ಯಾಂಡಲ್ ಬಿಗಿಯಾಗಿ ಹಿಡಿದಾಗ, ಗುಂಡಿ ರಸ್ತೇಲಿ ಕುಲುಕಾಡಿದಾಗ ಮಣಿಕಟ್ಟಿನ ವಾಚ್ ತಪ್ಪು ತೋರ್ಸುತ್ತೆ. ಎದೆಗೆ ಕಟ್ಟೋ ಪಟ್ಟಿ ತಗೊಳ್ಳಿ, ಆ ದುಡ್ಡು ದಂಡ ಅಲ್ಲ.

ಬೆಟ್ಟ ಬಿಡಿ ಅನ್ನಲ್ಲ, ಈ ವಯಸ್ಸಲ್ಲಿ ಕಾಲಿಗೆ ಅಂಥ ಕೆಲಸ ಬೇಕೇ ಬೇಕು. ಆದ್ರೆ ಡಾಕ್ಟರ ಹತ್ರ ಕೇಳಿ ಒಂದು ಟ್ರೆಡ್‌ಮಿಲ್ ಟೆಸ್ಟ್ ಮಾಡಿಸಿ, ಅಲ್ಲೀವರೆಗೂ ಸಮ ರಸ್ತೆ ಸಾಕು. ರಿಪೋರ್ಟ್ ಚೆನ್ನಾಗಿದ್ರೆ ವಾರಕ್ಕೊಂದ್ಸಲ ಬೆಟ್ಟ, ಸಣ್ಣ ಗೇರಲ್ಲಿ, ಮಿಕ್ಕಿದ್ದೆಲ್ಲ ಆರಾಮ ಸವಾರಿ. ಎದೆ ಬಿಗಿ, ತಲೆಸುತ್ತು, ದವಡೆಗೋ ಎಡಗೈಗೋ ನೋವು ಬಂದ್ರೆ ವಾಚ್ ಏನೇ ಹೇಳ್ಲಿ, ಅಲ್ಲೇ ಇಳಿದು ಕೂತು 108ಕ್ಕೆ ಫೋನ್ ಮಾಡಿ.