ಅಣ್ಣನಿಗೆ ಮಾತ್ರ ಮಲೇರಿಯಾ ಮರುಕಳಿಸಿದ್ದೇಕೆ?

ಮಂಜೇಶ್ವರದ ನಿಮ್ಮ ಮನೆಯಲ್ಲಿ ಅಣ್ಣನಿಗೆ ಮಾತ್ರ ಎರಡು ಸಲ ವೈವಾಕ್ಸ್ ಎಂಬ ಬಗೆಯ ಮಲೇರಿಯಾ ಬಂದದ್ದು ವಂಶದ ಗುಣದಿಂದಲೇ ಎಂದು ಕೇಳಿದ್ದೀರಿ. ವಂಶವಾಹಿಗೆ ಪಾತ್ರವಿದೆ, ನಿಜ. ಹೆತ್ತವರಲ್ಲಿ ಒಬ್ಬರಿಂದ ಮಾತ್ರ ಸಿಕಲ್ ಸೆಲ್ ಗುಣ (ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುವ ಗುಣ) ಪಡೆದವರಿಗೆ ಮಲೇರಿಯಾದ ಇನ್ನೊಂದು ಬಗೆಯಾದ ಫಾಲ್ಸಿಪಾರಂ ವಿಷಮಿಸುವುದು ಅಪರೂಪ. ನೀಲಗಿರಿಯ ಬುಡಕಟ್ಟುಗಳಲ್ಲಿ ಆ ಗುಣ 1952ರಲ್ಲೇ ಪತ್ತೆಯಾಗಿತ್ತು. ಆದರೆ ನನ್ನ ಅನುಮಾನವೇ ಬೇರೆ. ವೈವಾಕ್ಸ್ ಪರಾವಲಂಬಿ ಯಕೃತ್ತಿನಲ್ಲಿ ಅಡಗಿ ಕುಳಿತು, ತಿಂಗಳುಗಳ ಬಳಿಕ ಮತ್ತೆ ಜ್ವರ ತರುತ್ತದೆ. ಹಾಗೆ ಅಡಗಿದ್ದನ್ನು ಕೊಲ್ಲುವ ಪ್ರೈಮಾಕ್ವಿನ್ ಮಾತ್ರೆಯನ್ನು ಅಣ್ಣ 14 ದಿನ ಪೂರ್ತಿ ನುಂಗಿದ್ದರೇ, ಜ್ವರ ಬಿಟ್ಟಿತೆಂದು ಉಳಿದ ಮಾತ್ರೆಗಳನ್ನು ಕಪಾಟಿನಲ್ಲಿಟ್ಟರೇ, ವಿಚಾರಿಸಿ. ಅದನ್ನು ಮತ್ತೆ ಶುರುಮಾಡುವ ಮುನ್ನ ಕೆಂಪು ರಕ್ತಕಣಗಳನ್ನು ಕಾಪಾಡುವ ಜಿ6ಪಿಡಿ ಎಂಬ ಕಿಣ್ವದ ರಕ್ತಪರೀಕ್ಷೆಯ ಬಗ್ಗೆ ವೈದ್ಯರನ್ನು ದಯವಿಟ್ಟು ಕೇಳಿ. ವಂಶವಾಹಿಯ ದೋಷದಿಂದ ಆ ಕಿಣ್ವ ಕಡಿಮೆ ಇರುವುದು ಗಂಡಸರಲ್ಲೇ ಹೆಚ್ಚು. ಅಂಥವರಲ್ಲಿ ಪ್ರೈಮಾಕ್ವಿನ್ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಮೂತ್ರ ಕಡುಗಾಫಿಯ ಬಣ್ಣಕ್ಕೆ ತಿರುಗಿದರೆ ಮಾತ್ರೆ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.